ಲೂಯಿ ಬ್ರೈಲ್: ಆರು ಚುಕ್ಕಿಗಳ ಲಿಪಿಕಾರ

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ವಿಷಯವು ಚರ್ಚೆಗೆ ಬಂದಿತು. ನಾವು ಅಧ್ಯಾಪಕರಾಗಿರುವ ಕನ್ನಡ ಮಾಧ್ಯಮದ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿದ ಅಂಧ ಬಾಲಿಕೆಯೊಬ್ಬಳಿಗೆ ಓದುಬರಹಕ್ಕೆ ಅನುಕೂಲವಾಗುವ ಯಂತ್ರವೊಂದನ್ನು ಚಂದಾ ಎತ್ತಿ ಕೊಡಿಸಬೇಕೆಂಬುದೇ ಆ ವಿಷಯ. ಕೊಡಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾವುದನ್ನು ಕೊಡಿಸಬೇಕೆಂಬಲ್ಲಿ ಮಾತ್ರ ಸಭೆಯು ಎರಡಾಯಿತು. ಅಂಧರಿಗಾಗಿಯೇ ನಿರ್ಮಿತವಾದ, ಬ್ರೈಲ್ ಲಿಪಿಯಲ್ಲಿ ಬರೆದು ಬೆರಳಿನಿಂದಲೇ ಓದಿಕೊಳ್ಳಬಹುದಾದ ಚಿಕ್ಕ ಟಿಪ್ಪಣಿಯಂತ್ರವೇ ಬೇಕೆಂದು ಕೆಲವರ ವಾದ. ಎಲ್ಲರೂ ಬಳಸುವ ಸಾಮಾನ್ಯ ಕಂಪ್ಯೂಟರಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ವ್ಯವಸ್ಥೆಯನ್ನು ಅಳವಡಿಸಿ ಕೊಟ್ಟರೆ ಸಾಕು, ಮಗುವು ಎಲ್ಲರೊಡನೆ ಸಮನಾಗಿ ನಡೆಯುವುದೆಂದು ಉಳಿದವರ ವಾದ. ನಮ್ಮ ಅಭಿಪ್ರಾಯವನ್ನೂ ಕೇಳಿದರು. ಯಂತ್ರಗಳ ವಿಷಯದಲ್ಲಿ ನಾವು ಅಷ್ಟೇನೂ ಬಲ್ಲವರಲ್ಲ. ಆದುದರಿಂದ ಒಂದು ತಿಂಗಳ ಕಾಲಾವಕಾಶವನ್ನು ಬೇಡಿ, ಆ ಲಿಪಿಯನ್ನು ನಿರ್ಮಿಸಿದವನ ಚರಿತ್ರೆಯನ್ನು ಓದತೊಡಗಿದೆವು. ನಮ್ಮ ಸಮಿತಿಯ ವಾದವು ಹೊಸದಲ್ಲವೆಂದೂ, ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಪ್ಯಾರಿಸ್ ನಗರದ ಒಂದು ಶಾಲೆಯಲ್ಲಿ ಅದು ಇನ್ನೂ ತೀವ್ರವಾಗಿ ನಡೆದಿತ್ತೆಂದೂ ಆಗ ತಿಳಿದುಬಂದಿತು. ಆ ಚರಿತ್ರೆಯನ್ನೇ ಈ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇವೆ.

ಲೂಯಿ ಬ್ರೈಲನು ೧೮೦೯ನೆಯ ಇಸವಿ ಜನವರಿ ೪ರಂದು ಫ್ರಾನ್ಸ್ ದೇಶದ ಕೂಪ್‌ವ್ರೇ ಎಂಬ ಗ್ರಾಮದಲ್ಲಿ ಜನಿಸಿದನು. ಪ್ಯಾರಿಸಿನಿಂದ ಪೂರ್ವಕ್ಕೆ ಸುಮಾರು ೨೫ ಮೈಲಿ ದೂರದಲ್ಲಿರುವ ಆ ಊರಿನಲ್ಲಿ ಅವನ ತಂದೆಯಾದ ಸೀಮೋನ್ ರೆನೆ ಬ್ರೈಲನು ಕುದುರೆಗಳ ಜೀನು, ಲಗಾಮು, ಬಾರುಪಟ್ಟಿಗಳನ್ನು ಹೊಲಿದು ಸಂಸಾರವನ್ನು ಸಾಗಿಸುತ್ತಿದ್ದನು. ತಾಯಿಯ ಹೆಸರು ಮೋನಿಕ್. ನಾಲ್ವರು ಮಕ್ಕಳಲ್ಲಿ ಲೂಯಿಯೇ ಕಿರಿಯವನು. ೧೮೧೨ರಲ್ಲಿ, ಮೂರು ವರ್ಷದ ಮಗುವಾಗಿದ್ದಾಗ, ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತ ಚರ್ಮದ ತುಂಡಿನ ಮೇಲೆ ಹರಿತವಾದ ಉಪಕರಣವೊಂದನ್ನು ಒತ್ತಲು ಹೋದನು. ಅದು ಜಾರಿ ಕಣ್ಣಿಗೆ ನಾಟಿತು. ಆ ಉಪಕರಣವು ತೂತು ಕೊರೆಯುವ ದಬ್ಬಳವೆಂದು ಕೆಲವರೂ, ಬಾಗಿದ ಚೂರಿಯೆಂದು ಕೆಲವರೂ ಬರೆದಿದ್ದಾರೆ. ಗಾಯವು ಕೀವುಗಟ್ಟಿತು. ಆ ಕಾಲದ ಹಳ್ಳಿಯ ಔಷಧೋಪಚಾರದಿಂದ ಪ್ರಯೋಜನವಾಗಲಿಲ್ಲ. ರೋಗವು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ಬಾಲಕನು ಪೂರ್ಣವಾಗಿ ಅಂಧನಾದನು. ಕಣ್ಣನ್ನು ಕಿತ್ತುಕೊಂಡ ಮೊನೆಯೇ ಮುಂದೆ ಲಿಪಿಯನ್ನು ಕೊಟ್ಟಿತೆಂದು ಚಮತ್ಕಾರವಾಗಿ ಬರೆಯುವವರುಂಟು. ನಮಗೆ ಆ ಚಮತ್ಕಾರವು ರುಚಿಸುವುದಿಲ್ಲ. ಮೂರು ವರ್ಷದ ಶಿಶುವಿನ ನೋವಿನಲ್ಲಿ ಅಲಂಕಾರವನ್ನು ಹುಡುಕಬೇಕಾದುದಿಲ್ಲ.

ಅಂದಿನ ಯೂರೋಪಿನಲ್ಲಿ ಬಡ ಅಂಧನಿಗೆ ಭಿಕ್ಷಾಟನೆಯ ಹೊರತು ಬೇರೆ ದಾರಿ ವಿರಳವಾಗಿತ್ತು. ಬ್ರೈಲ್ ದಂಪತಿಗಳು ಆ ದಾರಿಗೆ ಮಗನನ್ನು ಬಿಡಲಿಲ್ಲ. ಅವನು ತಡವಿಕೊಂಡು ನಡೆಯಲೆಂದು ತಂದೆಯು ಕೋಲುಗಳನ್ನು ಮಾಡಿಕೊಟ್ಟನು. ಮರದ ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರಗಳ ಆಕಾರದಲ್ಲಿ ಹೊಡೆದು ಅಕ್ಷರಾಭ್ಯಾಸ ಮಾಡಿಸಿದನು. ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಯಿಸುವ ನಮ್ಮ ಮನೆಗಳ ಕ್ರಮವು ಇಲ್ಲಿ ವಾಚಕರಿಗೆ ನೆನಪಾಗದೆ ಇರದು. ಊರಿನ ಪಾದ್ರಿಯಾದ ಪಾಲ್ವಿ ಮತ್ತು ಶಾಲೆಯ ಉಪಾಧ್ಯಾಯನಾದ ಬೆಶೆರೆ ಇಬ್ಬರೂ ಆ ಮಗುವಿನ ಬುದ್ಧಿಶಕ್ತಿಯನ್ನು ಗುರುತಿಸಿದರು. ಕಣ್ಣುಳ್ಳ ಮಕ್ಕಳ ನಡುವೆ ಕುಳಿತು ಕೇಳಿದ್ದನ್ನೆಲ್ಲ ಕಂಠಸ್ಥ ಮಾಡಿಕೊಂಡು ಅವನು ತರಗತಿಯಲ್ಲಿ ಮುಂದಾದನು. ಆದರೆ ಉಳಿದವರು ಪುಸ್ತಕವನ್ನು ಬಿಡಿಸಿದಾಗ ಅವನು ಸುಮ್ಮನೆ ಕುಳಿತಿರಬೇಕಾಗುತ್ತಿತ್ತು. ಊರಿನ ಶ್ರೀಮಂತ ಪ್ರಭುವೊಬ್ಬನ ನೆರವಿನಿಂದ, ೧೮೧೯ನೆಯ ಫೆಬ್ರವರಿ ೧೫ರಂದು, ಹತ್ತು ವರ್ಷದ ಲೂಯಿಯು ಪ್ಯಾರಿಸಿನ ರಾಜಕೀಯ ಅಂಧಬಾಲಕರ ಶಾಲೆಯನ್ನು ಸೇರಿದನು.

ಆ ಶಾಲೆಯ ಮೂಲಪುರುಷನು ವ್ಯಾಲೆಂಟಿನ್ ಆಯ್ವಿ ಎಂಬ ಉದಾರಿ. ೧೭೭೧ರಲ್ಲಿ ಪ್ಯಾರಿಸಿನ ಜಾತ್ರೆಯೊಂದರಲ್ಲಿ ಅಂಧರಿಗೆ ವಿದೂಷಕ ವೇಷ ಹಾಕಿ, ಓದುವವರಂತೆ ಪುಸ್ತಕಗಳನ್ನು ಮುಂದಿಟ್ಟು, ಜನರು ನಗುತ್ತಿದ್ದುದನ್ನು ಅವನು ಕಂಡನು. ಆ ಹಾಸ್ಯವನ್ನೇ ಸತ್ಯವಾಗಿಸಬೇಕೆಂದು ಸಂಕಲ್ಪಿಸಿ, ೧೭೮೫ರ ಸುಮಾರಿನಲ್ಲಿ ಅಂಧರಿಗಾಗಿ ಶಾಲೆಯನ್ನು ತೆರೆದನು. ಜಗತ್ತಿನ ಅಂಧಶಾಲೆಗಳಲ್ಲಿ ಅದೇ ಮೊದಲನೆಯದು. ದಪ್ಪ ಕಾಗದವನ್ನು ಒದ್ದೆ ಮಾಡಿ ದೊಡ್ಡ ಅಚ್ಚುಮೊಳೆಗಳ ಮೇಲೆ ಒತ್ತಿದರೆ ಅಕ್ಷರಗಳು ಉಬ್ಬಿ ಏಳುವುವು. ಬೆರಳಿನಿಂದ ಅವುಗಳ ಅಂಚನ್ನು ಅನುಸರಿಸಿ ಓದಬಹುದು. ಇದೇ ಆಯ್ವಿಯ ಉಬ್ಬಕ್ಷರ ವಿಧಾನ. ಅವನ ಆಶಯವು ಸ್ಪಷ್ಟವಾಗಿತ್ತು: ಅಂಧರೂ ಕಣ್ಣುಳ್ಳವರೂ ಒಂದೇ ಅಕ್ಷರವನ್ನು ಓದಬೇಕು, ಅವರ ನಡುವೆ ಲಿಪಿಯ ಗೋಡೆ ಇರಕೂಡದು. ಈ ಆಶಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ವಿಧಾನದಲ್ಲಿ ಎರಡು ಕೊರತೆಗಳಿದ್ದುವು. ವಕ್ರರೇಖೆಗಳಿಂದ ಕೂಡಿದ ಅಕ್ಷರವನ್ನು ಬೆರಳು ಸುತ್ತುಹಾಕಿ ಗುರುತಿಸುವಷ್ಟರಲ್ಲಿ ವಾಕ್ಯದ ಆದಿಯು ಮರೆತುಹೋಗುತ್ತಿತ್ತು. ಪುಸ್ತಕಗಳೋ ಎತ್ತಲಾರದಷ್ಟು ಭಾರ, ಬೆರಳೆಣಿಕೆಯಷ್ಟು ಮಾತ್ರ. ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ಆ ಅಕ್ಷರಗಳನ್ನು ಓದಬಲ್ಲ ಬಾಲಕನು ಅವುಗಳನ್ನು ತಾನೇ ಬರೆಯಲಾರನು. ಅಚ್ಚುಕೂಟದವರು ಕೊಟ್ಟುದನ್ನು ಓದಬಹುದಿತ್ತೇ ಹೊರತು, ತನ್ನ ಮನಸ್ಸಿನಲ್ಲಿದ್ದುದನ್ನು ಬರೆದಿಟ್ಟು ನಾಳೆ ತಾನೇ ಓದಿಕೊಳ್ಳುವುದು ಸಾಧ್ಯವಿರಲಿಲ್ಲ.

ಶಾಲೆಯ ಕಟ್ಟಡವು ಹಳೆಯದು, ತೇವದಿಂದ ಕೂಡಿದುದು, ಅನಾರೋಗ್ಯಕರವಾದುದು. ಅಲ್ಲಿನ ವಾಸವೇ ಲೂಯಿಯ ಶ್ವಾಸಕೋಶಗಳನ್ನು ಕೆಡಿಸಿತೆಂದು ಊಹಿಸುವವರುಂಟು.

೧೮೨೧ರಲ್ಲಿ ಷಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿಯ ಬರಹವಿಧಾನವೊಂದು ಶಾಲೆಗೆ ಬಂದಿತು. ಗೆರೆಗಳಿಲ್ಲ, ವಕ್ರಾಕಾರಗಳಿಲ್ಲ, ಬರಿಯ ಉಬ್ಬುಚುಕ್ಕಿಗಳು. ಎರಡು ಕಂಬಸಾಲುಗಳಲ್ಲಿ, ಒಂದೊಂದರಲ್ಲಿ ಆರರವರೆಗೆ ಚುಕ್ಕಿಗಳನ್ನಿಟ್ಟು ಧ್ವನಿಗಳನ್ನು ಸೂಚಿಸುವ ಕ್ರಮ. ಸೀಳುಗಳುಳ್ಳ ಪಟ್ಟಿಯನ್ನು ಕಾಗದದ ಮೇಲಿಟ್ಟು ಮೊನೆಕಡ್ಡಿಯಿಂದ ಒತ್ತಿದರೆ ಬರಹವು ಮೂಡುತ್ತಿತ್ತು. ತಾಳೆಯೋಲೆಯ ಮೇಲೆ ಕಂಟದಿಂದ ಕೊರೆಯುತ್ತಿದ್ದ ನಮ್ಮ ಪೂರ್ವಿಕರಿಗೆ ಈ ಉಪಕರಣವು ಅಪರಿಚಿತವೆನಿಸುತ್ತಿರಲಿಲ್ಲ. ಗೆರೆಗಿಂತ ಚುಕ್ಕಿಯನ್ನು ಬೆರಳು ಬೇಗನೆ ಗುರುತಿಸುತ್ತದೆ ಎಂಬ ಸತ್ಯವು ಬಾಲಕರಿಗೆ ಒಡನೆಯೇ ಅನುಭವಕ್ಕೆ ಬಂದಿತು. ಅಷ್ಟೇ ಅಲ್ಲ, ಅಂಧನು ತಾನೇ ಬರೆಯಬಹುದೆಂಬುದೂ ಬಂದಿತು.

ಆದರೆ ಹನ್ನೆರಡು ಚುಕ್ಕಿಗಳ ಗುಂಪು ಬೆರಳ ತುದಿಗಿಂತ ದೊಡ್ಡದಾಗಿತ್ತು. ಒಂದೊಂದು ಗುರುತಿಗೂ ಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕಾಗಿತ್ತು. ಅಲ್ಲದೆ ಅದು ಧ್ವನಿಯನ್ನು ಬರೆಯುವ ವಿಧಾನವಾಗಿತ್ತೇ ಹೊರತು ಕಾಗುಣಿತವನ್ನಲ್ಲ. ಉಚ್ಚರಿಸಿದಂತೆಯೇ ಬರೆಯುವ ಕನ್ನಡಿಗರಾದ ನಮಗೆ ಇದರಲ್ಲಿ ದೋಷವೇನೆಂದು ತೋರಬಹುದು. ಫ್ರೆಂಚ್ ಭಾಷೆಯ ಸ್ಥಿತಿ ಹಾಗಲ್ಲ. ಅಲ್ಲಿ ಒಂದೇ ಧ್ವನಿಗೆ ಹಲವು ಬಗೆಯ ಬರಹವುಂಟು. ಬರೆದರೂ ಉಚ್ಚರಿಸದ ಅಕ್ಷರಗಳು ಪದಪದದಲ್ಲಿಯೂ ಉಂಟು. ಧ್ವನಿಯನ್ನು ಮಾತ್ರ ಕಲಿತವನು ವಿದ್ಯಾವಂತರ ಸಭೆಯಲ್ಲಿ ಅರ್ಧ ಅಕ್ಷರಸ್ಥನಾಗಿಯೇ ಉಳಿಯುವನು. ವಿರಾಮಚಿಹ್ನೆಗಳಾಗಲಿ, ಅಂಕಿಗಳಾಗಲಿ, ಸಂಗೀತದ ಸ್ವರಲಿಪಿಯಾಗಲಿ ಅದರಲ್ಲಿರಲಿಲ್ಲ. ಅಂಧರಿಗೆ ಇಷ್ಟು ಸಾಕೆಂಬುದು ಬಾರ್ಬಿಯೆಯ ಭಾವನೆಯಾಗಿದ್ದಂತೆ ತೋರುತ್ತದೆ. ಇಷ್ಟು ಸಾಲದೆಂದು ತಿಳಿದವನು ಹನ್ನೆರಡು ವರ್ಷದ ಅಂಧ ಬಾಲಕನು.

ಮುಂದಿನ ಮೂರು ವರ್ಷ ಲೂಯಿಯು ರಾತ್ರಿಯ ಬಿಡುವಿನಲ್ಲಿಯೂ, ರಜೆಯಲ್ಲಿ ಕೂಪ್‌ವ್ರೇ ಗ್ರಾಮದಲ್ಲಿಯೂ, ಹಲಗೆ ಮತ್ತು ಮೊನೆಕಡ್ಡಿಯನ್ನು ಹಿಡಿದು ಕುಳಿತನು. ೧೮೨೪ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವನ ಲಿಪಿಯ ಮುಖ್ಯಾಂಶವು ಸಿದ್ಧವಾಗಿತ್ತು. ಹನ್ನೆರಡನ್ನು ಆರಕ್ಕೆ ಇಳಿಸಿದುದೇ ಅದರ ಮರ್ಮ. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ; ಇಡೀ ಗುಂಪು ಬೆರಳ ತುದಿಯ ಅಡಿಯಲ್ಲಿ ಒಂದೇ ಸ್ಪರ್ಶಕ್ಕೆ ಸಿಕ್ಕುತ್ತದೆ. ಆರು ಚುಕ್ಕಿಗಳಲ್ಲಿ ಕೆಲವನ್ನು ಇಟ್ಟು ಕೆಲವನ್ನು ಬಿಟ್ಟರೆ ೬೩ ಬೇರೆಬೇರೆ ಗುರುತುಗಳಾಗುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳಷ್ಟೇ ಸಾಕು. ಅವುಗಳಿಗೆ ಕೆಳಗಿನ ಎಡಚುಕ್ಕಿಯನ್ನು ಸೇರಿಸಿದರೆ ಮುಂದಿನ ಹತ್ತು. ಕೆಳಗಿನ ಎರಡನ್ನೂ ಸೇರಿಸಿದರೆ ಅದರ ಮುಂದಿನವು. ಅಂಕಿಯ ಸೂಚನೆಯೊಂದನ್ನು ಮೊದಲಿಗಿಟ್ಟರೆ ಆ ಹತ್ತು ಅಕ್ಷರಗಳೇ ಹತ್ತು ಅಂಕಿಗಳಾಗುತ್ತವೆ. ಅವೇ ಗುರುತುಗಳಿಂದ ಸಂಗೀತವನ್ನೂ ಬರೆಯುವ ಕ್ರಮವನ್ನು ಅವನು ರಚಿಸಿದನು. ವರ್ಣಮಾಲೆಯನ್ನು ವರ್ಗಗಳಾಗಿ ವಿಂಗಡಿಸಿದ ನಮ್ಮ ವೈಯಾಕರಣರ ಬುದ್ಧಿಗೆ ಸಮೀಪವಾದ ಕ್ರಮಬುದ್ಧಿಯೊಂದು ಇದರಲ್ಲಿದೆಯೆಂದು ನಮಗೆ ತೋರುತ್ತದೆ.

೧೮೨೯ರಲ್ಲಿ ಈ ವಿಧಾನವನ್ನು ವಿವರಿಸುವ ಪುಸ್ತಕವು ಶಾಲೆಯ ವತಿಯಿಂದಲೇ ಪ್ರಕಟವಾಯಿತು. ಆ ಪುಸ್ತಕವು ಅಚ್ಚಾದುದು ಚುಕ್ಕಿಗಳಲ್ಲಿ ಅಲ್ಲ, ಆಯ್ವಿಯ ಉಬ್ಬಕ್ಷರಗಳಲ್ಲಿ! ಹೊಸ ಲಿಪಿಯನ್ನು ಹಳೆಯ ಲಿಪಿಯ ಮೂಲಕವೇ ಹೇಳಬೇಕಾಗಿತ್ತು. ಇಪ್ಪತ್ತು ವರ್ಷದ ಗ್ರಂಥಕರ್ತನು ಬಾರ್ಬಿಯೆಗೆ ತಾನು ಋಣಿಯೆಂಬುದನ್ನು ಅದರಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದಾನೆ. ಮೊದಲಿನ ಪಾಠದಲ್ಲಿ ಚುಕ್ಕಿಗಳ ಜೊತೆಗೆ ಅಡ್ಡಗೀಟುಗಳೂ ಇದ್ದುವು. ಮೊನೆಕಡ್ಡಿಯಿಂದ ಗೀಟು ಎಳೆಯುವುದು ಕಷ್ಟವೆಂದು ಅನುಭವಕ್ಕೆ ಬಂದುದರಿಂದ ೧೮೩೭ರ ಎರಡನೆಯ ಮುದ್ರಣದಲ್ಲಿ ಅವುಗಳನ್ನು ಕೈಬಿಟ್ಟನು.

ಓದಿದ ಶಾಲೆಯಲ್ಲಿಯೇ ಅವನು ೧೮೨೮ರಲ್ಲಿ ಸಹಾಯಕ ಅಧ್ಯಾಪಕನೂ ೧೮೩೩ರಲ್ಲಿ ಪೂರ್ಣ ಅಧ್ಯಾಪಕನೂ ಆದನು. ವ್ಯಾಕರಣ, ಭೂಗೋಳ, ಗಣಿತ, ಸಂಗೀತಗಳನ್ನು ಕಲಿಸಿದನು. ಆರಂಭದ ವಿದ್ಯಾರ್ಥಿಗಳಿಗಾಗಿ ಅಂಕಗಣಿತದ ಪುಟ್ಟ ಕೈಪಿಡಿಯೊಂದನ್ನೂ ಬರೆದನು. ಆರ್ಗನ್ ವಾದನದಲ್ಲಿ ಪರಿಣತನಾಗಿ ಪ್ಯಾರಿಸಿನ ಸಂತ ನಿಕೋಲಾ ದೇವಾಲಯದಲ್ಲಿ ವಾದಕನಾಗಿದ್ದನು. ಸೌಮ್ಯಸ್ವಭಾವದವನು, ಮಿತಭಾಷಿ, ಮಕ್ಕಳ ತಪ್ಪನ್ನು ನೋಯಿಸದಂತೆ ತಿದ್ದುವವನು ಎಂದು ಅವನ ಮಿತ್ರರು ಬರೆದಿಟ್ಟಿದ್ದಾರೆ. ೧೮೩೫ರ ಸುಮಾರಿಗೆ ಕ್ಷಯರೋಗದ ಚಿಹ್ನೆಗಳು ಕಾಣಿಸಿಕೊಂಡುವು. ಅಲ್ಲಿಂದ ಮುಂದೆ ಹದಿನಾರು ಹದಿನೇಳು ವರ್ಷ ಅವನು ಆ ರೋಗದೊಡನೆಯೇ ಬಾಳಿದನು.

ಇಷ್ಟರಲ್ಲಿ ಅವನ ಜೀವನದ ಎರಡನೆಯ ಕಾರ್ಯವು ಆರಂಭವಾಯಿತು. ಲೋಕವು ಇದನ್ನು ಬಹುಮಟ್ಟಿಗೆ ಮರೆತಿದೆ. ನಮ್ಮ ಪ್ರಶ್ನೆಗೆ ಇದೇ ಮುಖ್ಯವಾದುದು. ಚುಕ್ಕಿಲಿಪಿಯನ್ನು ಕಲಿತ ಬಾಲಕನು ತನ್ನ ಗೆಳೆಯನಿಗೆ ಬರೆಯಬಲ್ಲನು. ಊರಿನಲ್ಲಿರುವ ತಾಯಿಗೆ ಬರೆಯಲಾರನು. ತಾಯಿಗೆ ಚುಕ್ಕಿ ತಿಳಿಯದು. ಕಣ್ಣುಳ್ಳವರೊಬ್ಬರನ್ನು ಕರೆದು ಹೇಳಿ ಬರೆಯಿಸಬೇಕು. ಮನಸ್ಸಿನ ಮಾತುಗಳೆಲ್ಲವೂ ಆಗ ಅನ್ಯರ ಕಿವಿಗೆ ಬೀಳುವುವು. ಬ್ರೈಲನು ಇದಕ್ಕಾಗಿ ೧೮೩೯ರಲ್ಲಿ ಮತ್ತೊಂದು ವಿಧಾನವನ್ನು ಪ್ರಕಟಿಸಿದನು. ಹತ್ತು ಚುಕ್ಕಿಗಳ ಎತ್ತರದ ಚೌಕದಲ್ಲಿ ಯಾವ ಯಾವ ಸ್ಥಾನಗಳನ್ನು ಒತ್ತಿದರೆ ಸಾಮಾನ್ಯ ಫ್ರೆಂಚ್ ಅಕ್ಷರದ ಆಕಾರವು ಮೂಡುವುದೆಂಬುದನ್ನು ಲೆಕ್ಕಹಾಕಿ ಕೋಷ್ಟಕವಾಗಿ ಕೊಟ್ಟನು. ಇದರಿಂದ ಅಂಧನು ಬರೆದುದನ್ನು ಅಂಧನು ಬೆರಳಿನಿಂದಲೂ, ಕಣ್ಣುಳ್ಳವನು ಕಣ್ಣಿನಿಂದಲೂ ಓದಬಹುದಾಯಿತು. ಕೆಲಸವು ನಿಧಾನ, ಒಂದು ಅಕ್ಷರಕ್ಕೆ ಹಲವು ಬಾರಿ ಒತ್ತಬೇಕು. ಈ ತೊಡಕನ್ನು ನಿವಾರಿಸಲು ಪಿಯೆರ್ ಫೂಕೊ ಎಂಬ ಅಂಧ ಯಂತ್ರಕುಶಲನು ೧೮೪೧ರಲ್ಲಿ ಹತ್ತು ಒತ್ತುಗುಂಡಿಗಳ ಯಂತ್ರವೊಂದನ್ನು ನಿರ್ಮಿಸಿದನು. ಬೆರಳಚ್ಚುಯಂತ್ರಗಳು ಮಾರುಕಟ್ಟೆಗೆ ಬರುವುದಕ್ಕೆ ಮೂರು ದಶಕಗಳ ಮೊದಲೇ, ಇಬ್ಬರು ಅಂಧರು ಕೂಡಿ ಕಣ್ಣುಳ್ಳವರ ಲಿಪಿಯನ್ನು ಬರೆಯುವ ಯಂತ್ರವನ್ನು ಮಾಡಿದ್ದರು.

ಹೀಗೆ ಬ್ರೈಲನ ಎರಡು ಕಾರ್ಯಗಳು ಎರಡು ದಿಕ್ಕಿನವು. ಮೊದಲನೆಯದು ಬೆರಳಿಗೆ ಒಗ್ಗುವ ತನ್ನದೇ ಲಿಪಿ. ಎರಡನೆಯದು ಬಹುಜನರ ಲಿಪಿಗೆ ಕಟ್ಟಿದ ಸೇತುವೆ. ಒಂದನ್ನು ಮಾಡಿದುದರಿಂದ ಇನ್ನೊಂದು ಬೇಡವೆಂದು ಅವನು ಎಣಿಸಲಿಲ್ಲ. ಹಾಗೆ ಎಣಿಸಿದವರು ಶಾಲೆಯ ಅಧಿಕಾರಿಗಳು.

೧೮೪೦ರಲ್ಲಿ ಮುಖ್ಯಾಧಿಕಾರಿಯಾಗಿದ್ದ ಪಿನ್ಯೆ ಎಂಬ ಸಹೃದಯನು ಸ್ಥಾನವನ್ನು ಬಿಡಬೇಕಾಗಿ, ದ್ಯುಫೊ ಎಂಬವನು ಅಧಿಕಾರಕ್ಕೆ ಬಂದನು. ದ್ಯುಫೊ ದುಷ್ಟನಲ್ಲ, ವಿದ್ಯಾವಂತ. ಅಂಧರಿಗೆ ಪ್ರತ್ಯೇಕ ಲಿಪಿಯನ್ನು ಕೊಟ್ಟರೆ ಅವರು ಲೋಕದಿಂದ ಪ್ರತ್ಯೇಕವಾಗಿ ಉಳಿಯುವರೆಂಬುದು ಅವನ ಪ್ರಾಮಾಣಿಕವಾದ ಭಯ. ಆದುದರಿಂದ ಹೊರದೇಶದಲ್ಲಿ ಬಳಕೆಯಲ್ಲಿದ್ದ ಹೊಸ ಉಬ್ಬಕ್ಷರಗಳನ್ನು ತರಿಸಿ, ಚುಕ್ಕಿಲಿಪಿಯನ್ನು ತರಗತಿಗಳಲ್ಲಿ ನಿಷೇಧಿಸಿದನು. ಹಳೆಯ ಪುಸ್ತಕಗಳನ್ನು ಸುಡಿಸಿದನೆಂದೂ ಚರಿತ್ರಕಾರರು ಬರೆದಿದ್ದಾರೆ. ವಿದ್ಯಾರ್ಥಿಗಳು ಮಾತ್ರ ಬಿಡಲಿಲ್ಲ. ಗುಟ್ಟಾಗಿ ಚುಕ್ಕಿಗಳಲ್ಲಿಯೇ ಟಿಪ್ಪಣಿಗಳನ್ನು ಬರೆದುಕೊಂಡರು, ಒಬ್ಬರಿಗೊಬ್ಬರು ಕಲಿಸಿಕೊಟ್ಟರು. ತನ್ನ ಕೈಯಿಂದ ಬರೆದು ತನ್ನ ಬೆರಳಿನಿಂದ ಓದುವ ಸುಖವನ್ನು ಒಮ್ಮೆ ಕಂಡವರಿಗೆ ನಿಷೇಧದ ಆಜ್ಞೆಯು ಏನು ಮಾಡೀತು? ಬಹುಸಂಖ್ಯಾತರ ಅಕ್ಷರವೇ ಸಾಕಾಗಿರುವಾಗ ನಿಮಗೆ ಬೇರೆ ಅಕ್ಷರವೇಕೆಂಬ ಪ್ರಶ್ನೆಯನ್ನು ಚಂದ್ರಗಿರಿ ಹೊಳೆಯ ಈಚೆಯ ಮನೆಗಳವರಾದ ನಾವೂ ಕೇಳಿ ಬಲ್ಲೆವು. ಆ ಬಾಲಕರ ಹಟವು ನಮಗೆ ಅರ್ಥವಾಗದಿರದು.

ದ್ಯುಫೊನ ಸಹಾಯಕನಾದ ಗ್ವಾದೆ ಎಂಬವನು ಈ ಹಟವನ್ನು ಗಮನಿಸಿ ಮನಸ್ಸನ್ನು ಬದಲಾಯಿಸಿದನು. ತನ್ನ ಮೇಲಧಿಕಾರಿಯ ಮನಸ್ಸನ್ನೂ ಕ್ರಮೇಣ ಬದಲಾಯಿಸಿದನು. ೧೮೪೪ನೆಯ ಫೆಬ್ರವರಿ ೨೨ರಂದು ಶಾಲೆಯ ನೂತನ ಕಟ್ಟಡದ ಪ್ರಾರಂಭೋತ್ಸವವು ನಡೆದಾಗ, ಸಭಿಕರ ಸಮ್ಮುಖದಲ್ಲಿ ಚುಕ್ಕಿಲಿಪಿಯ ಪ್ರದರ್ಶನವನ್ನೇ ಏರ್ಪಡಿಸಿದರು. ಒಂದು ಮಗುವು ಸಭೆಯಲ್ಲಿ ಹೇಳಿದುದನ್ನು ಚುಕ್ಕಿಗಳಲ್ಲಿ ಬರೆದುಕೊಂಡಿತು. ಹೊರಗಿದ್ದ ಇನ್ನೊಂದು ಮಗುವನ್ನು ಕರೆಸಿದಾಗ ಅದು ಆ ಹಾಳೆಯನ್ನು ತಡವಿ ತಪ್ಪಿಲ್ಲದೆ ಓದಿತು ಎಂದು ಆ ದಿನದ ವೃತ್ತಾಂತವನ್ನು ಹೇಳುತ್ತಾರೆ. ಬ್ರೈಲನು ಆಗ ೩೫ ವರ್ಷದವನು. ತನ್ನ ಲಿಪಿಯ ಗೌರವವನ್ನು ಅವನು ಬದುಕಿರುವಾಗ ಕಂಡುದು ಇಷ್ಟು ಮಾತ್ರ.

೧೮೫೧ರ ಡಿಸೆಂಬರಿನಲ್ಲಿ ರಕ್ತಸ್ರಾವವಾಗಿ ಹಾಸಿಗೆ ಹಿಡಿದನು. ೧೮೫೨ನೆಯ ಜನವರಿ ೬ರಂದು, ೪೩ ವರ್ಷ ತುಂಬಿದ ಎರಡು ದಿನಗಳಿಗೆ, ಶಾಲೆಯಲ್ಲಿಯೇ ದೇಹತ್ಯಾಗ ಮಾಡಿದನು. ತನ್ನ ಬಳಿಯಿದ್ದ ಸಣ್ಣ ಪೆಟ್ಟಿಗೆಯೊಂದನ್ನು ತೆರೆಯದೆ ಸುಡಬೇಕೆಂದು ತಿಳಿಸಿದ್ದನಂತೆ. ಮಿತ್ರರು ತೆರೆದು ನೋಡಿದಾಗ, ಅವನಿಂದ ಸಾಲ ಪಡೆದವರು ಬರೆದುಕೊಟ್ಟ ಚೀಟಿಗಳು ಅದರಲ್ಲಿದ್ದುವಂತೆ. ಪ್ಯಾರಿಸಿನ ಪತ್ರಿಕೆಗಳಲ್ಲಿ ಅವನ ಮರಣವಾರ್ತೆಯು ಒಂದು ಸಾಲಾಗಿಯೂ ಬರಲಿಲ್ಲವೆನ್ನುತ್ತಾರೆ. ದೇಹವನ್ನು ಕೂಪ್‌ವ್ರೇ ಗ್ರಾಮಕ್ಕೆ ಒಯ್ದು ಸಮಾಧಿ ಮಾಡಿದರು.

೧೮೫೪ರಲ್ಲಿ ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. ೧೮೭೮ರ ಪ್ಯಾರಿಸ್ ಸಮ್ಮೇಳನದಲ್ಲಿ ಹಲವು ದೇಶಗಳವರು ಅದನ್ನು ಒಪ್ಪಿದರು. ಅಮೆರಿಕದಲ್ಲಿ ಮಾತ್ರ ಬೇರೆಬೇರೆ ಚುಕ್ಕಿಲಿಪಿಗಳ ಪಕ್ಷಗಳು ದಶಕಗಳ ಕಾಲ ಜಗಳವಾಡಿ, ೧೯೩೨ರಲ್ಲಿ ಇಂಗ್ಲಿಷಿಗೆ ಒಂದು ಸಮಾನ ಕ್ರಮವು ಏರ್ಪಟ್ಟಿತು. ಮರಣದ ನೂರನೆಯ ವರ್ಷವಾದ ೧೯೫೨ರಲ್ಲಿ ಬ್ರೈಲನ ಅವಶೇಷವನ್ನು ಪ್ಯಾರಿಸಿನ ಪಾಂತೆಯೋನ್ ಮಂದಿರಕ್ಕೆ, ರಾಷ್ಟ್ರಪುರುಷರ ಸಾಲಿಗೆ, ತಂದರು. ಕೂಪ್‌ವ್ರೇ ಗ್ರಾಮದವರು ಕೈಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಓದಿದ ಕೈಗಳು ಊರಿನ ಸಮಾಧಿಯಲ್ಲಿಯೇ ಒಂದು ಕರಂಡಕದಲ್ಲಿವೆ.

ಭಾರತದಲ್ಲಿ ಹಿಂದೆ ಪ್ರಾಂತಕ್ಕೊಂದು ಬಗೆಯ ಚುಕ್ಕಿಲಿಪಿಗಳಿದ್ದುವು. ೧೯೫೧ರಲ್ಲಿ ಎಲ್ಲ ಭಾಷೆಗಳಿಗೂ ಸಮಾನವಾದ ಭಾರತೀ ಬ್ರೈಲ್ ಅಂಗೀಕೃತವಾಯಿತು. ಕನ್ನಡ ಅಧ್ಯಾಪಕರಾದ ನಾವು ಇದನ್ನು ಕಲಿಯತೊಡಗಿದಾಗ ಆನಂದಾಶ್ಚರ್ಯಗಳಾದುವು. ಅಕಾರಕ್ಕೆ ಒಂದೇ ಚುಕ್ಕಿ. ಕಕಾರಕ್ಕೆ ಎಡಸಾಲಿನ ಮೇಲಿನದೂ ಕೆಳಗಿನದೂ ಸೇರಿ ಎರಡು. ಗುಡಿಸು ಕೊಂಬುಗಳ ಗೊಡವೆಯಿಲ್ಲ. ಕಕಾರದ ಮುಂದೆ ಇಕಾರವನ್ನಿಟ್ಟರೆ ‘ಕಿ’ ಆಗುತ್ತದೆ. ಒತ್ತಕ್ಷರಕ್ಕೂ ಬೇರೆ ಆಕಾರವಿಲ್ಲ. ಸ್ವರವಿಲ್ಲವೆಂದು ತಿಳಿಸುವ ಒಂದು ಚುಕ್ಕಿಯ ಗುರುತು ಸಾಕು. ಇನ್ನೂ ದೊಡ್ಡ ಸೋಜಿಗವೆಂದರೆ, ಮಲಯಾಳದ ಕಕಾರವೂ ತಮಿಳಿನ ಕಕಾರವೂ ಹಿಂದಿಯ ಕಕಾರವೂ ಬೆರಳಿಗೆ ಅದೇ ಎರಡು ಚುಕ್ಕಿಗಳು. ಸಪ್ತಭಾಷೆಗಳ ನಾಡೆಂದು ಹೇಳಿಕೊಳ್ಳುವ ಕಾಸರಗೋಡಿನಲ್ಲಿ ನೆರೆಯವನ ಅಂಗಡಿಯ ಹಲಗೆಯನ್ನು ಓದಲಾರದ ಕಣ್ಣುಳ್ಳವರು ಎಷ್ಟೋ ಮಂದಿ ಇದ್ದೇವೆ. ಬೆರಳಿಗೆ ಆ ತೊಡಕೇ ಇಲ್ಲ.

ಇನ್ನು ಯಂತ್ರಗಳ ಮಾತು. ಹಲಗೆ ಮೊನೆಕಡ್ಡಿಗಳಿಗೆ ಬದಲಾಗಿ ಒಮ್ಮೆಗೇ ಆರು ಚುಕ್ಕಿಗಳನ್ನೂ ಒತ್ತಬಲ್ಲ ಪರ್ಕಿನ್ಸ್ ಬರಹಯಂತ್ರವು ೧೯೫೧ರಲ್ಲಿ ಅಮೆರಿಕದಲ್ಲಿ ಬಂದಿತು. ೧೯೮೭ರಲ್ಲಿ ಅದೇ ದೇಶದ ಡೀನ್ ಬ್ಲೇಝಿ ಎಂಬವರು ‘ಬ್ರೈಲ್ ಎನ್ ಸ್ಪೀಕ್’ ಎಂಬ ಅಂಗೈಯಗಲದ ಟಿಪ್ಪಣಿಯಂತ್ರವನ್ನು ತಂದರು. ಚುಕ್ಕಿಗಳ ಗುಂಡಿಗಳಿಂದ ಬರೆದರೆ ಅದು ಓದಿ ಹೇಳುತ್ತಿತ್ತು. ೨೦೦೦ದಲ್ಲಿ ನ್ಯೂಜಿಲೆಂಡಿನಿಂದ ‘ಬ್ರೈಲ್‌ನೋಟ್’ ಬಂದಿತು. ಇದರಲ್ಲಿ ಸಣ್ಣ ಮೊಳೆಗಳು ವಿದ್ಯುತ್ತಿನಿಂದ ಎದ್ದು ಬಿದ್ದು ಒಂದು ಸಾಲು ಬರಹವನ್ನು ಬೆರಳಿಗೆ ಒದಗಿಸುತ್ತವೆ. ಓದಿ ಮುಗಿದೊಡನೆ ಮುಂದಿನ ಸಾಲು. ಇಂಥ ಯಂತ್ರಗಳ ಗುಣಗಳು ಹಲವು. ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಬರೆಯಬಹುದು. ಕಿವಿಯು ಅಧ್ಯಾಪಕರ ಪಾಠಕ್ಕೆ ತೆರೆದಿರುತ್ತದೆ. ಗುಂಡಿಯೊತ್ತಿದೊಡನೆ ನಿಲ್ಲಿಸಿದ ಸ್ಥಳದಲ್ಲಿಯೇ ಬರಹವು ಸಿದ್ಧ. ಕೊರತೆಯೆಂದರೆ ಬೆಲೆಯು ಲಕ್ಷಗಟ್ಟಲೆ. ಕೆಟ್ಟರೆ ನಮ್ಮೂರಿನಲ್ಲಿ ರಿಪೇರಿಯಿಲ್ಲ. ಸಾಮಾನ್ಯ ಕಂಪ್ಯೂಟರುಗಳು ಮುಂದೆ ಹೋದಷ್ಟು ವೇಗವಾಗಿ ಇವು ಹೋಗಲಾರವು.

ಸಾಮಾನ್ಯ ಕಂಪ್ಯೂಟರಿನ ಕಡೆಯಲ್ಲಿ, ೧೯೮೯ರಲ್ಲಿ ‘ಜಾಸ್’ ಎಂಬ ಪರದೆವಾಚಕವೂ, ೨೦೦೬ರಲ್ಲಿ ‘ಎನ್‌ವಿಡಿಎ’ ಎಂಬ ಉಚಿತ ಪರದೆವಾಚಕವೂ ಆರಂಭವಾದುವು. ೨೦೦೯ರಲ್ಲಿ ಐಫೋನಿನೊಳಗೇ ಓದಿ ಹೇಳುವ ವ್ಯವಸ್ಥೆಯು ಸೇರಿತು. ಸಮಿತಿಯಲ್ಲಿ ಕೆಲವರು ಕಂಪ್ಯೂಟರಿನ ಪಕ್ಷವನ್ನು ದ್ಯುಫೊನ ಪಕ್ಷಕ್ಕೆ ಹೋಲಿಸಿದರು. ಅದು ನ್ಯಾಯವಲ್ಲ. ದ್ಯುಫೊನ ಉಬ್ಬಕ್ಷರಗಳನ್ನು ಕಣ್ಣುಳ್ಳವರು ಅಂಧರ ಮೇಲೆ ಹೇರಿದರು, ಅಂಧರು ಅವುಗಳನ್ನು ಬರೆಯಲಾರದೆ ಹೋದರು. ಜಾಸನ್ನು ಆರಂಭಿಸಿದ ಟೆಡ್ ಹೆಂಟರರೂ, ಎನ್‌ವಿಡಿಎಯನ್ನು ಕಟ್ಟಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ ಅವರೂ ಸ್ವತಃ ಅಂಧರು. ಅವರು ಮಾಡಿದುದು ಬ್ರೈಲ್ ಮತ್ತು ಫೂಕೊ ಮಾಡಿದ ಎರಡನೆಯ ಕಾರ್ಯದ ಜಾತಿಗೆ ಸೇರಿದುದು, ಸೇತುವೆಯ ಕಾರ್ಯ.

ಆದರೂ ಒಂದು ಸಂಶಯವು ನಮ್ಮನ್ನು ಬಿಡಲಿಲ್ಲ. ಆ ಬಾಲಿಕೆಯು ಕೆಲವು ವರ್ಷಗಳಿಂದ ಕಿವಿಯ ಮೂಲಕವೇ ಕಲಿತವಳು. ಪದ್ಯಗಳು ನಾಲಗೆಯ ಮೇಲಿವೆ. ಅರ್ಥವನ್ನು ನಮಗಿಂತ ಚೆನ್ನಾಗಿ ಹೇಳುತ್ತಾಳೆ. ಆದರೆ ‘ವಿಶೇಷ’ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಹೇಳೆಂದಾಗ ಶಕಾರ ಷಕಾರಗಳು ಅದಲುಬದಲಾದುವು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಅವಳಿಗೆ ಊಹೆಯ ವಿಷಯವಾಗಿತ್ತು. ತಪ್ಪು ಅವಳದಲ್ಲ. ನಮ್ಮ ಕಡೆಯ ಮಾತಿನಲ್ಲಿ ಆ ಭೇದಗಳು ಕೇಳಿಸುವುದೇ ಅಪರೂಪ. ಯಂತ್ರದ ಧ್ವನಿಯಲ್ಲಿಯೂ ಅಷ್ಟೆ. ಧ್ವನಿಯನ್ನು ಮಾತ್ರ ಕೊಟ್ಟ ಬಾರ್ಬಿಯೆಯ ವಿಧಾನವು ಸಾಲದೆಂದು ಬ್ರೈಲನು ಏಕೆ ಹಟ ಹಿಡಿದನೆಂಬುದು ನಮಗೆ ಆ ದಿನ ಪುಸ್ತಕದ ಹೊರಗೆ ತಿಳಿಯಿತು. ಪರೀಕ್ಷೆಯಲ್ಲಿ ಬರೆದುಕೊಡುವವರನ್ನು, ಅದರಲ್ಲಿಯೂ ಕನ್ನಡ ಬಲ್ಲವರನ್ನು, ಹುಡುಕುವುದು ಅವಳ ತಂದೆಗೆ ಪ್ರತಿವರ್ಷದ ಚಿಂತೆ. ಬರೆಯುವವರು ತಪ್ಪು ಬರೆದರೂ ಅವಳಿಗೆ ತಿಳಿಯುವಂತಿಲ್ಲ.

ನಾವು ಸಮಿತಿಗೆ ಹೇಳಿದುದು ಇಷ್ಟು. ಮೊದಲು ಹಲಗೆ ಮತ್ತು ಮೊನೆಕಡ್ಡಿ. ಅದಕ್ಕೆ ಕೆಲವು ನೂರು ರೂಪಾಯಿ ಸಾಕು, ಕಲಿಸುವವರನ್ನು ಹುಡುಕುವುದೇ ಮುಖ್ಯ. ಜೊತೆಗೆ ಸಾಮಾನ್ಯ ಕಂಪ್ಯೂಟರು ಮತ್ತು ಉಚಿತ ಪರದೆವಾಚಕ. ಕೈಯಲ್ಲಿ ಹಣ ಉಳಿದರೆ ಅದೇ ಕಂಪ್ಯೂಟರಿಗೆ ಜೋಡಿಸಬಹುದಾದ, ಏಳುಬೀಳುವ ಚುಕ್ಕಿಗಳ ಸಣ್ಣ ಪಟ್ಟಿ. ದುಬಾರಿಯ ಟಿಪ್ಪಣಿಯಂತ್ರವು ಕಾಲೇಜಿಗೆ ಹೋಗುವಾಗ ಬೇಕೆನಿಸಿದರೆ ಅವಳೇ ಕೇಳಲಿ. ಒಬ್ಬಿಬ್ಬರು ಹಿರಿಯರಿಗೆ ಇದು ಸಮಾಧಾನವಾಗಲಿಲ್ಲ. ಸಭೆಯಲ್ಲಿ ಕೊಡುವ ವಸ್ತುವು ನೋಡುವುದಕ್ಕೆ ಗಂಭೀರವಾಗಿರಬೇಕೆಂಬುದು ಅವರ ಮನಸ್ಸಿನಲ್ಲಿತ್ತೆಂದು ತೋರುತ್ತದೆ. ಕೊನೆಗೆ ಒಪ್ಪಿಗೆಯಾಯಿತು. ಪಟ್ಟಿಗೆ ಸಾಲುವಷ್ಟು ಚಂದಾ ಇನ್ನೂ ಕೂಡಿಲ್ಲ.

ಈಗ ಎಂಟು ತಿಂಗಳಾದುವು. ನಿವೃತ್ತ ಅಂಧ ಅಧ್ಯಾಪಕರೊಬ್ಬರು ಶನಿವಾರಗಳಲ್ಲಿ ಬಂದು ಅವಳಿಗೆ ಚುಕ್ಕಿಗಳನ್ನು ಕಲಿಸುತ್ತಾರೆ. ನಾವೂ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿಯುತ್ತೇವೆ. ಕಾಗದದ ಹಿಂಬದಿಯಿಂದ ಒತ್ತಬೇಕಾದುದರಿಂದ ಬಲದಿಂದ ಎಡಕ್ಕೆ ಬರೆಯಬೇಕು. ನಲವತ್ತು ದಾಟಿದ ನಮ್ಮ ಕೈಗೆ ಅದು ಇನ್ನೂ ಒಗ್ಗಿಲ್ಲ, ಅವಳ ಕೈಗೆ ಒಗ್ಗಿದೆ. ಮೊನ್ನೆ ಅವಳು ಕಂಪ್ಯೂಟರಿನಲ್ಲಿ ತಾನೇ ಬೆರಳಚ್ಚಿಸಿದ ಎರಡು ಪುಟದ ಪ್ರಬಂಧವನ್ನು ತಂದುಕೊಟ್ಟಳು. ನಾವು ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ನಾಲ್ಕು ಕಡೆ ಗೆರೆ ಎಳೆದೆವು. ಆಮೇಲೆ ಆ ಗೆರೆಗಳು ಅವಳಿಗೆ ಕಾಣವೆಂಬುದು ಹೊಳೆದು, ಹಲಗೆಯನ್ನು ತೆಗೆದುಕೊಂಡು ಆ ನಾಲ್ಕು ಪದಗಳ ಸರಿಯಾದ ರೂಪವನ್ನು ಚುಕ್ಕಿಗಳಲ್ಲಿ ಬರೆದುಕೊಟ್ಟೆವು. ಅವಳು ತಡವಿ ನೋಡಿ, ಮೂರನೆಯ ಪದದಲ್ಲಿ ನಮ್ಮದೇ ಒಂದು ಚುಕ್ಕಿ ತಪ್ಪಿದೆಯೆಂದು ತೋರಿಸಿದಳು.